ಜಿಂಕೆಗೆ ಬಿತ್ತಿದ ತಾಕು ಕೈಕೊಟ್ಟರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಸೆಪ್ಟೆಂಬರ್ ಎರಡನೇ ವಾರ ಬಂತೆಂದರೆ ಪೆನ್ಸಿಲ್ವೇನಿಯಾದ ನಮ್ಮ ಕಡೆಯ ಗೆಳೆಯರಿಂದ ಫೋನ್ ಶುರುವಾಗುತ್ತದೆ. "ಆಗಸ್ಟ್‌ನಲ್ಲಿ ಟರ್ನಿಪ್ ಚೆಲ್ಲಿದ್ದೆ, ಗೇಣುದ್ದ ಆಗಿ ನಿಂತುಬಿಟ್ಟಿದೆ" ಎನ್ನುತ್ತಾರೆ ಒಬ್ಬರು. "ಸೋಯಾ ಹಾಕಿದ್ದೆ, ಒಂದು ಎಲೆ ಉಳಿದಿಲ್ಲ" ಎನ್ನುತ್ತಾರೆ ಇನ್ನೊಬ್ಬರು. "ಮೊಣಕಾಲುದ್ದ ಹಸಿರು ನಿಂತಿದೆ, ಜಿಂಕೆ ಮೂಸಿಯೂ ನೋಡಿಲ್ಲ" ಎನ್ನುವವರೂ ಇದ್ದಾರೆ. ಮೂರೂ ಬೇರೆ ಬೇರೆ ಕಾಯಿಲೆ. ಆದರೆ ಎಲ್ಲರೂ ಕೊನೆಗೆ ಕೇಳುವುದು ಒಂದೇ: "ಮುಂದಿನ ವರ್ಷ ಯಾವ ಬೀಜ ತರಲಿ?"

ಬೀಜ ಬದಲಾಯಿಸುವುದು ಕೊನೆಯ ಕೆಲಸ. ಕಾಯಿಲೆ ಯಾವುದೆಂದು ತಿಳಿಯದೆ ಔಷಧಿ ಬದಲಾಯಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ವರ್ಷಗಳು ಹೋಗುತ್ತವೆ. ಬೇಟೆಯ ತಾಕಿನಲ್ಲಿ ಒಂದು ತಪ್ಪಿಗೆ ಒಂದು ವರ್ಷದ ದಂಡ. ನಾನೂ ಮೂರು ವರ್ಷ ಹಾಗೆ ಕಳೆದುಕೊಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಜಿಂಕೆ, ಕಡವೆ ಬೇಟೆ ಅಪರಾಧ. ಇಲ್ಲಿರುವುದು ಅಮೆರಿಕದ ಬಿಳಿಬಾಲದ ಜಿಂಕೆಯ ವಿಚಾರ. ಇಲ್ಲಿ ಬೇಟೆಗೆ ಪರವಾನಗಿ ಇದೆ, ಋತು ಇದೆ, ಎಷ್ಟು ಹೊಡೆಯಬಹುದೆಂಬ ಲೆಕ್ಕ ಇದೆ. ಜಮೀನು ಇರುವವರು ಜಿಂಕೆಗಾಗಿಯೇ ಒಂದಿಷ್ಟು ಜಾಗದಲ್ಲಿ ಬೆಳೆ ಬೆಳೆಯುತ್ತಾರೆ. ಇಲ್ಲಿಯವರು ಅದನ್ನು ಫುಡ್ ಪ್ಲಾಟ್ ಎನ್ನುತ್ತಾರೆ. ನಾನು ಮೇವಿನ ತಾಕು ಎನ್ನುತ್ತೇನೆ. ಕಾಡಂಚಿನ ಗದ್ದೆಗೆ ರಾತ್ರಿ ಪ್ರಾಣಿ ನುಗ್ಗದಂತೆ ಕಾವಲು ಕಾಯ್ದು ಬೆಳೆದ ನಮಗೆ ಪ್ರಾಣಿಯನ್ನು ಕರೆಯಲೆಂದೇ ಬಿತ್ತುವುದು ಮೊದಮೊದಲು ವಿಚಿತ್ರವಾಗಿಯೇ ಕಾಣುತ್ತದೆ. ಆದರೆ ಬೇಸಾಯ ಅದೇ ಬೇಸಾಯ. ಮಣ್ಣು, ಹದ, ಬಿತ್ತನೆಯ ಕಾಲ ಯಾವುದೂ ಬೇರೆಯಲ್ಲ.

ಮೊದಲು ಮಂಕರಿ ಇಡಿ

ಕೋಳಿ ಮುಚ್ಚಲು ಮಂಕರಿ ಬೋರಲು ಹಾಕುತ್ತಿದ್ದರಲ್ಲ, ಅದೇ ಲೆಕ್ಕ. 4 ಅಡಿ ಎತ್ತರದ ತಂತಿ ಬಲೆಯನ್ನು 12 ಅಡಿ ಉದ್ದ ಕತ್ತರಿಸಿ, ಎರಡು ತುದಿಯನ್ನೂ ಸೇರಿಸಿ ಕಟ್ಟಿದರೆ ಸುಮಾರು ಪೌನೆ ನಾಲ್ಕು ಅಡಿ ಅಗಲದ ಉರುಟು ಬೇಲಿ ಆಗುತ್ತದೆ. ಎರಡು ಕಬ್ಬಿಣದ ಗೂಟ ಹೊಡೆದು ಅದಕ್ಕೆ ಬಿಗಿಯಿರಿ. ಬಲೆಯ ಕಣ್ಣು ದೊಡ್ಡದಿದ್ದರೆ ಮರಿ ಮೊಲ ಒಳಗೆ ನುಸುಳುತ್ತದೆ. ಹಾಗಾಗಿ ಬುಡದ ಒಂದೂವರೆ ಅಡಿಗೆ ಕೋಳಿ ಬಲೆ ಸುತ್ತಿ. ಇದನ್ನು ಬಿತ್ತಿದ ದಿನವೇ ಇಡಬೇಕು, ಪೈರು ಮೇಲೆದ್ದ ಮೇಲಲ್ಲ. ಕನಿಷ್ಠ ಎರಡು ಬೇಕು: ಕಾಡಿನ ಅಂಚಿಗೆ ಒಂದು, ತಾಕಿನ ನಡುವೆ ಇನ್ನೊಂದು. ಕಣ್ಣಿಗೆ ಚೆಂದ ಕಂಡ ಜಾಗವನ್ನೇ ಆರಿಸಬೇಡಿ. ಸಾಧಾರಣ ಜಾಗದಲ್ಲಿಡಿ.

ಐದು ವಾರ ಬಿಟ್ಟು ಹೋಗಿ ನೋಡಿ. ಮಂಕರಿ ಒಳಗೂ ಹೊರಗೂ ಪೈರು ಬಡಕಲಾಗಿದ್ದರೆ ತಪ್ಪು ಜಿಂಕೆಯದಲ್ಲ, ನೆಲದ್ದು ಅಥವಾ ಬಿತ್ತನೆಯದು. ಒಳಗೆ ಸೊಂಪಾಗಿದ್ದು ಹೊರಗೆ ಮೋಟಾಗಿದ್ದರೆ ನಿಮ್ಮ ಬೇಸಾಯ ಸರಿ ಇದೆ, ಬಾಯಿಗಳು ಹೆಚ್ಚು, ತಾಕು ಸಣ್ಣದು. ಒಳಗೂ ಹೊರಗೂ ಒಂದೇ ಎತ್ತರಕ್ಕೆ ಸೊಂಪಾಗಿ ಬೆಳೆದಿದ್ದರೆ ಜಿಂಕೆ ತಿನ್ನುತ್ತಿಲ್ಲ. ನಾಲ್ಕನೆಯ ಬಗೆಯದು ಬೇಟೆಗಾರನಿಗೆ ಹೆಚ್ಚು ಹೊಟ್ಟೆ ಉರಿಸುವಂಥದು: ಹೊರಗೆ ಚೆನ್ನಾಗಿ ಮೇಯ್ದಿದೆ, ಹಿಕ್ಕೆ ಬಿದ್ದಿದೆ, ಗೊರಸಿನ ಗುರುತಿದೆ, ಆದರೆ ಬೆಳಕಿರುವಾಗ ಒಂದು ಜಿಂಕೆಯನ್ನೂ ನೀವು ಕಂಡಿಲ್ಲ.

ಈ ನಾಲ್ಕರಲ್ಲಿ ನಿಮ್ಮದು ಯಾವುದೆಂದು ಗೊತ್ತಾಗುವವರೆಗೆ ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ ಎಂದೇ ನಾನು ಹೇಳುವುದು. ಮಂಕರಿ ಇಲ್ಲದ ತಾಕಿನಲ್ಲಿ "ಬೆಳೆಯಲಿಲ್ಲ" ಮತ್ತು "ಬೆಳೆದದ್ದನ್ನು ತಿಂದುಬಿಟ್ಟವು" ಎರಡೂ ನೋಡಲು ಒಂದೇ ಥರ ಇರುತ್ತವೆ. ನನ್ನ ಮೊದಲ ಮೂರು ವರ್ಷ ಹೋದದ್ದು ಅಲ್ಲೇ.

ತಿಂದವರು ಯಾರೆಂದೂ ಒಮ್ಮೆ ನೋಡಿ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ನಮ್ಮ ದನದ ಹಾಗೆಯೇ. ಅದು ಕಚ್ಚಿ ಎಳೆಯುತ್ತದೆ, ಕಾಂಡದ ತುದಿ ಹರಿದು ನಾರು ನಾರಾಗಿರುತ್ತದೆ. ಮೊಲ ಕತ್ತರಿಯಿಟ್ಟ ಹಾಗೆ ಓರೆಯಾಗಿ, ನುಣ್ಣಗೆ ಕಡಿಯುತ್ತದೆ. ಒಂದು ಮೂಲೆಯಿಂದ ಅರ್ಧಚಂದ್ರದ ಆಕಾರದಲ್ಲಿ ಬೋಳಾಗುತ್ತಾ ಬಂದು, ಹತ್ತಿರದಲ್ಲೇ ಬಿಲ ಕಂಡರೆ ಅದು ಗ್ರೌಂಡ್‌ಹಾಗ್ ಎಂಬ ಬಿಲ ತೋಡುವ ದೊಡ್ಡ ದಂಶಕದ ಕೆಲಸ. ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂತೆ ಸಣ್ಣ ಸಣ್ಣ ತೂತು ಇದ್ದರೆ ಫ್ಲೀ ಬೀಟಲ್ ಎಂಬ ಜಿಗಿಯುವ ದುಂಬಿ. ರಾತ್ರಿ ಬೆಳಗಾಗುವುದರೊಳಗೆ ಇಡೀ ತಾಕು ಬೋಳಾಗಿ, ಮಂಕರಿ ಒಳಗೂ ಏನೂ ಉಳಿದಿಲ್ಲದಿದ್ದರೆ ಸೈನಿಕ ಹುಳು. 2021ರ ಬೇಸಿಗೆಯ ಕೊನೆಗೆ ಅಮೆರಿಕದ ಬಹಳಷ್ಟು ಕಡೆ ಅದು ಹೀಗೇ ದಂಡೆತ್ತಿ ಬಂದಿತ್ತು.

ಒಳಗೂ ಬೆಳೆದಿಲ್ಲ, ಹೊರಗೂ ಬೆಳೆದಿಲ್ಲ

ಇದರ ಮೇಲೆ ಹೆಚ್ಚು ಹೊತ್ತು ಕೂರುತ್ತೇನೆ. ನಾನು ನೋಡಿದ ಕೆಟ್ಟ ತಾಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇದೇ ಗುಂಪಿನವು.

ನನ್ನ ಮೊದಲ ತಾಕು 10 ಗುಂಟೆಯದು, ಅಂದರೆ ಕಾಲು ಎಕರೆ. ಮರ ಕಡಿಯುವವರು ದಿಮ್ಮಿ ರಾಶಿ ಹಾಕಲು ಕಾಡಿನ ನಡುವೆ ಬಯಲು ಮಾಡಿ ಬಿಟ್ಟುಹೋಗಿದ್ದ ಜಾಗ. ಟರ್ನಿಪ್ ಮತ್ತು ಮೂಲಂಗಿ ಚೆಲ್ಲಿದೆ. ಹುಟ್ಟಿತು, ಗೇಣುದ್ದ ಬಂತು, ಎಲೆ ನೇರಳೆ ಬಣ್ಣಕ್ಕೆ ತಿರುಗಿ ನಿಂತುಬಿಟ್ಟಿತು. ಬೀಜ ಸರಿಯಿಲ್ಲ ಎಂದುಕೊಂಡು ಮರುವರ್ಷ ಎರಡರಷ್ಟು ಬೆಲೆಯ ಚೀಲ ತಂದೆ. ಮತ್ತೆ ಅದೇ. ಮೂರನೆಯ ವರ್ಷ ಗೊಬ್ಬರ ಹೆಚ್ಚಿಸಿದೆ. ಆಗಲೂ ಅದೇ. ಸಕಲೇಶಪುರದ ಕಡೆ ಕಾಫಿ ತೋಟ ನೋಡಿಕೊಂಡಿರುವ ನಮ್ಮಣ್ಣನಿಗೆ ಫೋಟೋ ಕಳಿಸಿದ್ದೆ. ಅವನು ಕೇಳಿದ್ದು ಒಂದೇ ಮಾತು: "ಸುಣ್ಣ ಹಾಕಿದೀಯೇನೋ?"

ಹಾಕಿರಲಿಲ್ಲ. ಮಲೆನಾಡಿನ ಮಣ್ಣಿನ ಹಾಗೆಯೇ ಇಲ್ಲಿಯ ಗುಡ್ಡದ ಕಾಡುಮಣ್ಣೂ ಹುಳಿ. ಮಣ್ಣು ಪರೀಕ್ಷೆಯ ವರದಿಯಲ್ಲಿ ಪಿಎಚ್, ಅಂದರೆ ಹುಳಿಯ ಅಳತೆ, 5.1 ಬಂತು. ಈ ಅಂಕಿ 7ರಿಂದ ಇಳಿದಷ್ಟೂ ಹುಳಿ ಜಾಸ್ತಿ. ಕ್ಲೋವರ್ ಎಂಬ ಮೂರೆಲೆಯ ಮೇವಿನ ಸೊಪ್ಪು, ಟರ್ನಿಪ್, ಮೂಲಂಗಿ ಎಲ್ಲಕ್ಕೂ 6ರಿಂದ 7ರ ಒಳಗೆ ಬೇಕು. ಅಷ್ಟು ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಹೊರಗೆ ಬರುತ್ತದೆ, ಬೇರಿನ ತುದಿಯನ್ನು ಸುಡುತ್ತದೆ. ಹಾಕಿದ ರಂಜಕವನ್ನು ಅಲ್ಯೂಮಿನಿಯಂ, ಕಬ್ಬಿಣ ಎರಡೂ ಸೇರಿ ಹಿಡಿದಿಟ್ಟುಕೊಳ್ಳುತ್ತವೆ. ಎಲೆ ನೇರಳೆಯಾದದ್ದು ರಂಜಕ ಸಿಗದೆ. ಗೊಬ್ಬರ ಮಣ್ಣಿನಲ್ಲಿ ಇತ್ತು, ಗಿಡದ ಬಾಯಿಗೆ ಹೋಗುತ್ತಿರಲಿಲ್ಲ.

ಮಣ್ಣು ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಮಾಡಿಕೊಡುತ್ತದೆ. ಬೇರೆ ರಾಜ್ಯಗಳಲ್ಲೂ ಹೆಚ್ಚಾಗಿ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಕಚೇರಿಯಲ್ಲಿ ಕೇಳಿದರೆ ದಾರಿ ಸಿಗುತ್ತದೆ. ತಾಕಿನ ಹತ್ತು ಹದಿನೈದು ಕಡೆ ಅಡ್ಡಾದಿಡ್ಡಿ ನಡೆದು, ಮೇಲಿನ ಕಸ ಸರಿಸಿ, 6 ಅಂಗುಲ ಆಳದವರೆಗಿನ ಮಣ್ಣು ತೆಗೆದು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲೆಸಿ, ನೆರಳಲ್ಲಿ ಒಣಗಿಸಿ ಕಳಿಸಿ. ಸತು ಬಳಿದ ತಗಡಿನ ಬಕೆಟ್ ಬೇಡ, ವರದಿಯಲ್ಲಿ ಸತುವಿನ ಲೆಕ್ಕ ತಪ್ಪುತ್ತದೆ. ಅಂಗಡಿಯಲ್ಲಿ ಸಿಗುವ ಚುಚ್ಚಿ ನೋಡುವ ಮೀಟರ್ ನೆಚ್ಚಬೇಡಿ. ಅದು ಪಿಎಚ್ ಸರಿಯಾಗಿಯೇ ತೋರಿಸಿತು ಎಂದಿಟ್ಟುಕೊಂಡರೂ ಎಷ್ಟು ಸುಣ್ಣ ಬೇಕೆಂದು ಹೇಳಲಾರದು. ಪಿಎಚ್ 5.1 ಇರುವ ಮರಳು ಮಣ್ಣಿಗೆ ಸಾಲುವ ಸುಣ್ಣ ಅದೇ 5.1ರ ಜೇಡಿಗೆ ಎಲ್ಲೂ ಸಾಲದು. ಪ್ರಯೋಗಾಲಯದವರು ಬಫರ್ ಪಿಎಚ್ ಎಂದು ಬೇರೊಂದು ಅಂಕಿ ಕೊಡುತ್ತಾರಲ್ಲ, ಸುಣ್ಣದ ಲೆಕ್ಕ ನಿಲ್ಲುವುದು ಅದರ ಮೇಲೆ.

ನನಗೆ ಎಕರೆಗೆ 3 ಟನ್ ಎಂದು ಬರೆದು ಕಳಿಸಿದರು. ಇಲ್ಲಿಯ ಟನ್ ಅಂದರೆ 2000 ಪೌಂಡ್. 10 ಗುಂಟೆಗೆ 1500 ಪೌಂಡ್, 40 ಪೌಂಡಿನ ಚೀಲವಾದರೆ 38 ಚೀಲ. ಹೊತ್ತು ಹಾಕಿದೆ. ಸುಣ್ಣ ಮಣ್ಣಲ್ಲಿ ತಾನಾಗಿ ಕೆಳಗಿಳಿಯುವುದು ಬಹಳ ನಿಧಾನ, ಮೇಲೆ ಚೆಲ್ಲಿ ಬಿಟ್ಟರೆ ಮೇಲೇ ಇರುತ್ತದೆ. ಅರ್ಧ ಚೆಲ್ಲಿ ಉತ್ತು, ಇನ್ನರ್ಧ ಚೆಲ್ಲಿ ಹಲುಬೆ ಹೊಡೆಯಿರಿ. ಕೆಲಸ ಶುರುವಾಗಲು ಹಲವು ತಿಂಗಳು ಬೇಕು, ಪೂರ್ತಿ ಆಗಲು ಒಂದು ವರ್ಷವೂ ಹಿಡಿಯಬಹುದು. ಆಗಸ್ಟ್‌ನಲ್ಲಿ ಬಿತ್ತುವವರು ಹಿಂದಿನ ಶರತ್ಕಾಲದಲ್ಲೇ, ತಡವಾದರೆ ವಸಂತದಲ್ಲಾದರೂ ಹಾಕಿರಬೇಕು. ದ್ರವ ಸುಣ್ಣ ಎಂದು ಡಬ್ಬದಲ್ಲಿ ಮಾರುತ್ತಾರೆ. ಹುಳಿ ಮುರಿಯಲು 1500 ಪೌಂಡ್ ಸುಣ್ಣ ಬೇಕಾದ ನೆಲಕ್ಕೆ ಒಂದೆರಡು ಡಬ್ಬ ನೀರು ಏನು ಮಾಡೀತು? ಆ ದುಡ್ಡಿಗೆ ಚೀಲ ತನ್ನಿ.

ಮರುವರ್ಷ ಅದೇ ಹಳೆಯ, ಅಗ್ಗದ ಟರ್ನಿಪ್ ಬೀಜವೇ ಮೊಣಕಾಲಿಗೆ ಬಂತು.

ಪಿಎಚ್ ಸರಿ ಇದ್ದೂ ಬಡಕಲಾಗಿದ್ದರೆ ಎಲೆ ನೋಡಿ. ಬುಡದ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತಾ ಬಂದರೆ ಸಾರಜನಕದ ಹಸಿವು. ಟರ್ನಿಪ್ ಜಾತಿಯದಕ್ಕೆ ಆ ಹಸಿವು ಜಾಸ್ತಿ. ಬಿತ್ತಿ ಮೂರು ನಾಲ್ಕು ವಾರಕ್ಕೆ, ಮಳೆ ಬರುವ ಹಿಂದಿನ ದಿನ, 10 ಗುಂಟೆಗೆ 25 ಪೌಂಡ್ ಯೂರಿಯಾ ಎಲೆ ಒಣಗಿರುವಾಗ ಚೆಲ್ಲಿ. ಕ್ಲೋವರ್ ಹಳದಿಯಾದರೆ ಯೂರಿಯಾ ಹಾಕಬೇಡಿ, ಹುಲ್ಲು ಎದ್ದು ಅದನ್ನೇ ತುಳಿಯುತ್ತದೆ. ಒಂದು ಗಿಡ ಬೇರುಸಮೇತ ಅಗೆದು, ಬೇರಿನ ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಬೆಳ್ಳಗೆ ಅಥವಾ ಹಸಿರಾಗಿದ್ದರೆ, ಇಲ್ಲವೇ ಗಂಟೇ ಇಲ್ಲದಿದ್ದರೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಬೀಜಕ್ಕೆ ಲೇಪಿಸುವುದು ತಪ್ಪಿದೆ. ಕ್ಲೋವರ್‌ಗೆ ಒಂದು ಜಾತಿ, ಸೋಯಾಗೆ ಇನ್ನೊಂದು, ಆಲ್ಫಾಲ್ಫಾಗೆ ಮತ್ತೊಂದು. ಒಂದರದ್ದು ಇನ್ನೊಂದಕ್ಕೆ ಆಗದು.

ಗಿಡವನ್ನು ಅಗೆಯುವಾಗಲೇ ಮೂಲಂಗಿಯ ಬೇರನ್ನೂ ನೋಡಿಬಿಡಿ. ನೇರ ಇಳಿಯದೆ ಮೂರು ನಾಲ್ಕು ಅಂಗುಲಕ್ಕೆ ಅಡ್ಡ ತಿರುಗಿದ್ದರೆ ಕೆಳಗೆ ಗಟ್ಟಿ ಪದರ ಇದೆ. ದಿಮ್ಮಿ ರಾಶಿ ಹಾಕಿದ್ದ ಬಯಲು, ಹಳೆಯ ಗಾಡಿದಾರಿ, ಇಲ್ಲೆಲ್ಲ ಇದು ಇದ್ದೇ ಇರುತ್ತದೆ. ಮಳೆ ಬಂದ ಮರುದಿನವೂ ನೀರು ನಿಂತಿದ್ದರೆ ಅದೂ ಇದೇ ಗುರುತು. ಸಣ್ಣ ಟ್ರ್ಯಾಕ್ಟರಿನ ಹಲುಬೆ ಮೇಲೆ ಗೀರುತ್ತದಷ್ಟೇ, ಆಳಕ್ಕೆ ಇಳಿಯುವ ಒಂಟಿ ಹಲ್ಲಿನ ನೇಗಿಲನ್ನು ಬಾಡಿಗೆಗೆ ತಂದು ನೆಲ ಒಣಗಿರುವಾಗ ಹೊಡೆಸಿ.

ಇನ್ನು ಹುಟ್ಟಲೇ ಇಲ್ಲ ಎನ್ನುವವರ ಕಥೆ. ಇಲ್ಲಿ ಹೆಚ್ಚಿನ ತಪ್ಪು ಆಳದ್ದು. ಕ್ಲೋವರ್ ಬೀಜ ಕಾಲು ಅಂಗುಲಕ್ಕಿಂತ ಕೆಳಗೆ ಹೋದರೆ ಮೇಲೆ ಬರುವಷ್ಟು ಕಸುವು ಅದರಲ್ಲಿಲ್ಲ. ಉತ್ತು ಬೂದಿಯಂತೆ ಪುಡಿ ಮಾಡಿದ ಮಣ್ಣಿನ ಮೇಲೆ ಚೆಲ್ಲಿ, ಮತ್ತೆ ಹಲುಬೆ ಹೊಡೆದರೆ ಬೀಜ ಎರಡು ಅಂಗುಲ ಕೆಳಗೆ ಹೂತುಹೋಗುತ್ತದೆ. ಬಿತ್ತುವ ಮೊದಲು ತಾಕಿನ ಮೇಲೆ ನಡೆದು ನೋಡಿ: ಬೂಟು ಅರ್ಧ ಅಂಗುಲಕ್ಕಿಂತ ಹೆಚ್ಚು ಹೂತರೆ ನೆಲ ಇನ್ನೂ ಸಡಿಲ. ಕಲ್ಟಿಪ್ಯಾಕರ್ ಎಂಬ ಉರುಳೆ ಇಲ್ಲಿ ಸಿಗುತ್ತದೆ, ನಮ್ಮ ಕಣದ ರೋಣಗಲ್ಲಿನ ತಮ್ಮ ಎಂದುಕೊಳ್ಳಿ. ಒಮ್ಮೆ ಉರುಳಿಸಿ, ಸಣ್ಣ ಬೀಜ ಚೆಲ್ಲಿ, ಮತ್ತೊಮ್ಮೆ ಉರುಳಿಸಿದರೆ ಸಾಕು. ಅದಿಲ್ಲದವರು ಕಾರಿನ ಟೈರಿನ ಗುರುತಿನ ಮೇಲೆ ಮಾತ್ರ ಪೈರು ಸಾಲಾಗಿ ಹುಟ್ಟಿದ್ದನ್ನು ಕಂಡಿರುತ್ತಾರೆ. ಆ ಸಾಲೇ ದೋಷವನ್ನು ತೋರಿಸಿಕೊಡುತ್ತಿದೆ: ಅದುಮಿದ ಕಡೆ ಹುಟ್ಟಿದೆ.

ಬೀಜದ ಚೀಟಿಯನ್ನೂ ಓದಿ. ಲೇಪನ ಮಾಡಿದ ಕ್ಲೋವರ್ ಬೀಜದ ಚೀಲದಲ್ಲಿ ತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಬರೀ ಲೇಪನವೇ ಇರುವುದುಂಟು. ಎಕರೆಗೆ 8 ಪೌಂಡ್ ಎಂದು ಆ ಚೀಲವನ್ನೇ ತೂಗಿ ಚೆಲ್ಲಿದರೆ ನೆಲಕ್ಕೆ ಬಿದ್ದ ನಿಜವಾದ ಬೀಜ 5 ಪೌಂಡ್. ಹಳೆಯ ಬೀಜವಾದರೆ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಊರಲ್ಲಿ ಬಿತ್ತನೆಗೆ ಮೊದಲು ಮಾಡುವ ಮೊಳಕೆ ಪರೀಕ್ಷೆ ಇಲ್ಲೂ ಅಷ್ಟೇ ನಿಜ.

ಹುಟ್ಟಿ, ಒಂದೆರಡು ಎಲೆ ಬಿಟ್ಟು, ಬಿಳಿಚಿಕೊಂಡು ಸತ್ತರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ನೆಲದಲ್ಲಿ ಹೋದ ವರ್ಷ ಯಾರು ಏನು ಬೆಳೆದಿದ್ದರು? ಮೆಕ್ಕೆಜೋಳಕ್ಕೆ ಹೊಡೆದ ಅಟ್ರಾಜಿನ್ ಎಂಬ ಕಳೆನಾಶಕ ಮಣ್ಣಿನಲ್ಲಿ ಉಳಿದು ಮುಂದಿನ ಕ್ಲೋವರ್, ಟರ್ನಿಪ್ ಎರಡನ್ನೂ ಕೊಲ್ಲಬಲ್ಲದು. ಸಂಶಯವಿದ್ದರೆ ಆ ಹೊಲದ ಮಣ್ಣು ಒಂದು ಕುಂಡಕ್ಕೆ, ಎಂದೂ ಔಷಧಿ ಕಾಣದ ಮಣ್ಣು ಇನ್ನೊಂದು ಕುಂಡಕ್ಕೆ ತುಂಬಿ, ಎರಡಕ್ಕೂ ಮೂಲಂಗಿ ಬೀಜ ಹಾಕಿ ಕಿಟಕಿಯಲ್ಲಿಡಿ. ಮೂರು ವಾರದಲ್ಲಿ ಉತ್ತರ ಸಿಗುತ್ತದೆ.

ನೆರಳು. ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೀಳದ ಜಾಗದಲ್ಲಿ ಮೇಲಿನ ಯಾವ ಉಪಾಯವೂ ನಡೆಯದು. ಮರ ತೆಗೆಯಿರಿ, ಇಲ್ಲವೇ ಜಾಗ ಬಿಡಿ.

ಒಳಗೆ ಸೊಂಪು, ಹೊರಗೆ ಮೋಟು

ಒಂದು ಬೆಳೆದ ಜಿಂಕೆ ದಿನಕ್ಕೆ ಆರೇಳು ಪೌಂಡ್ ಮೇವು ತಿನ್ನುತ್ತದೆ. ಹತ್ತು ಜಿಂಕೆ ಬರುವ ಜಾಗದಲ್ಲಿ 10 ಗುಂಟೆ ಸೋಯಾ ಹಾಕಿದರೆ ಎರಡೆಲೆ ಬಿಡುವಾಗಲೇ ಮುಗಿಯುತ್ತದೆ. ಸೋಯಾ ಆಗಲಿ ಅಲಸಂದೆ ಆಗಲಿ, ತುದಿ ಕಡಿದರೆ ಸುಧಾರಿಸಿಕೊಳ್ಳಲು ಕಷ್ಟಪಡುವ ಬೆಳೆ. ಅವಕ್ಕೆ ಹಲವು ಎಕರೆ ಬೇಕು, ಇಲ್ಲವೇ ಬೇಲಿ ಬೇಕು. ಸಣ್ಣ ತಾಕಿಗೆ ಮೇಯ್ದಷ್ಟೂ ಚಿಗುರುವ ಬಿಳಿ ಕ್ಲೋವರ್, ರೈ, ಚಳಿಗಾಲದ ಗೋಧಿ ಸರಿ. ತಾತ್ಕಾಲಿಕ ವಿದ್ಯುತ್ ಬೇಲಿ ಹಾಕುವುದಾದರೆ ಮೂರಡಿ ಅಂತರದಲ್ಲಿ ಎರಡು ಸಾಲು ಹಾಕಿ. ಒಂದೇ ಸಾಲನ್ನು ಜಿಂಕೆ ಸಲೀಸಾಗಿ ನೆಗೆಯುತ್ತದೆ. ಎರಡು ಸಾಲಿನ ಆಳ ಅದಕ್ಕೆ ಅಂದಾಜಾಗದೆ ಹಿಂಜರಿಯುತ್ತದೆ.

ಆದರೆ ತಾಕು ಬಿಟ್ಟು ಸುತ್ತಲ ಕಾಡನ್ನೂ ನೋಡಬೇಕು. ಜಿಂಕೆಯ ಬಾಯಿ ಎಟುಕುವ ಎತ್ತರದವರೆಗೆ ಒಂದು ಚಿಗುರೂ ಇಲ್ಲದೆ, ನೆಲದ ತುಂಬಾ ಬರೀ ಜರಿಗಿಡ ಹಾಸಿಕೊಂಡಿದ್ದರೆ, ಓಕ್ ಸಸಿ ಒಂದೂ ಮೇಲೇಳದಿದ್ದರೆ, ಅಲ್ಲಿ ಜಿಂಕೆ ಆ ಕಾಡು ತಾಳುವುದಕ್ಕಿಂತ ಹೆಚ್ಚಿದೆ. ಪೆನ್ಸಿಲ್ವೇನಿಯಾದ ಬಹಳಷ್ಟು ಕಾಡುಗಳ ಕಥೆ ಇದು. ಅಲ್ಲಿ ಇನ್ನಷ್ಟು ಬಿತ್ತುವುದು ಪರಿಹಾರವಲ್ಲ, ಹೆಣ್ಣು ಜಿಂಕೆ ಹೊಡೆಯುವುದು ಪರಿಹಾರ. ಕೊಂಬಿನ ಮೇಲೆ ಕಣ್ಣಿಟ್ಟು ಹೆಣ್ಣನ್ನು ಬಿಡುತ್ತಾ ಹೋದವರ ತಾಕು ಎಂದೂ ಏಳುವುದಿಲ್ಲ. ಕೊಂಬಿಲ್ಲದ ಜಿಂಕೆಗೆ ಬೇರೆ ಪರವಾನಗಿ ಸಿಗುತ್ತದೆ. ಜಮೀನು ಇರುವವರು ಬೇಟೆಯ ಉಸ್ತುವಾರಿ ನೋಡುವ ರಾಜ್ಯದ ಗೇಮ್ ಕಮಿಷನ್‌ನ ಡಿಎಂಎಪಿ (ಜಿಂಕೆ ನಿರ್ವಹಣೆಗೆ ನೆರವಾಗುವ) ಯೋಜನೆಯಲ್ಲಿ ಹೆಚ್ಚುವರಿ ಪರವಾನಗಿಗೂ ಅರ್ಜಿ ಹಾಕಬಹುದು. ನಮ್ಮ ಮನೆಯ ಫ್ರೀಜರ್ ತುಂಬುವುದು ಹೆಣ್ಣು ಜಿಂಕೆಯಿಂದಲೇ, ಮಾಂಸವೂ ಮೆದು.

ಸೊಂಪಾಗಿದೆ, ಮೂಸಿಯೂ ನೋಡಿಲ್ಲ

ಗಾಬರಿ ಬೇಡ. ಮೊದಲು ತಲೆಯೆತ್ತಿ ಮರ ನೋಡಿ. ಬಿಳಿ ಓಕ್ ಮರದ ಕಾಯಿ ಉದುರುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಿಂಕೆ ಬೇರೇನನ್ನೂ ಲೆಕ್ಕಿಸುವುದಿಲ್ಲ. ಆ ಕಾಯಿಯಲ್ಲಿ ಒಗರು ಕಡಿಮೆ. ಕಾಯಿ ಹೇರಳವಾಗಿ ಬಿದ್ದ ವರ್ಷ ನಿಮ್ಮ ತಾಕು ಖಾಲಿ ಇದ್ದರೆ ದೋಷ ತಾಕಿನದಲ್ಲ. ಆ ವಾರಗಳಲ್ಲಿ ಅಟ್ಟಣೆಯನ್ನು ಓಕ್ ಮರದ ಕಡೆಗೆ ಒಯ್ಯಿರಿ, ಕಾಯಿ ಮುಗಿದ ಮೇಲೆ ತಾಕಿಗೆ ಬನ್ನಿ.

ಟರ್ನಿಪ್ ಅನ್ನು ಜಿಂಕೆ ಮೊದಲ ವರ್ಷ ಗುರುತೇ ಹಿಡಿಯದಿರುವುದು ಸಾಮಾನ್ಯ. ಸುತ್ತ ಯಾರೂ ಬೆಳೆಯದ ಕಡೆ ಒಂದೆರಡು ವರ್ಷ ಹಾಗೇ ನಿಂತು, ಮೂರನೆಯ ವರ್ಷ ಬುಡಸಹಿತ ಮುಗಿದದ್ದನ್ನು ಕಂಡಿದ್ದೇನೆ. ಅದಕ್ಕೇ ಹೊಸ ಜಾಗದಲ್ಲಿ ತಾಕಿನ ಅರ್ಧಕ್ಕೆ ಮಾತ್ರ ಟರ್ನಿಪ್, ಇನ್ನರ್ಧಕ್ಕೆ ಓಟ್ಸ್ ಹಾಕಿ ಎನ್ನುತ್ತೇನೆ. ಓಟ್ಸ್ ಅನ್ನು ಯಾವ ಜಿಂಕೆಗೂ ಕಲಿಸಬೇಕಾಗಿಲ್ಲ. ಗಟ್ಟಿ ಹಿಮ ಬಿದ್ದ ಮೇಲೆ ಓಟ್ಸ್ ಸಾಯುತ್ತದೆ, ಆಗ ಟರ್ನಿಪ್‌ಗೆ ಬರುತ್ತವೆ.

ಸೋಯಾ ಎಲೆ ಸೆಪ್ಟೆಂಬರ್‌ನಲ್ಲಿ ಹಳದಿಯಾಗುತ್ತಿದ್ದಂತೆ ಜಿಂಕೆ ಬಿಟ್ಟುಹೋಗುತ್ತದೆ. ಕಾಯಿ ಒಣಗಿ ಚಳಿ ಬಿದ್ದ ಮೇಲೆ ವಾಪಸು ಬರುತ್ತದೆ. ಕ್ಲೋವರ್ ಹೂಬಿಟ್ಟು ಕಡ್ಡಿಯಾಗಿದ್ದರೆ ಒಮ್ಮೆ ಕತ್ತರಿಸಿ, ಎಳೆ ಚಿಗುರಿಗೆ ಬರುತ್ತವೆ.

ಇನ್ನೊಂದು ದೋಷ ಅಂಗಡಿಯಲ್ಲೇ ಆಗಿರುತ್ತದೆ. ರೈ ಬೇರೆ, ರೈಗ್ರಾಸ್ ಬೇರೆ. ರೈ ಎಂಬುದು ಗೋಧಿಯಂಥ ಧಾನ್ಯ, ಅದರ ಎಳೆ ಪೈರನ್ನು ಜಿಂಕೆ ಚಳಿಗಾಲವಿಡೀ ಮೇಯುತ್ತದೆ. ರೈಗ್ರಾಸ್ ಹುಲ್ಲು. ಹೆಸರು ನೋಡಿ ಮೋಸ ಹೋಗಿ ಹುಲ್ಲು ಬಿತ್ತಿದವರು ಮುಂದೆ ಅದನ್ನು ಕಳೆಯೆಂದು ಕೀಳುತ್ತಾ ಕೂರಬೇಕಾಗುತ್ತದೆ. ಅಗ್ಗದ ಮಿಶ್ರಣದ ಚೀಲಗಳಲ್ಲಿ ರೈಗ್ರಾಸ್ ತುಂಬಿರುವುದು ಹೆಚ್ಚು, ಚೀಟಿ ಓದಿಯೇ ತನ್ನಿ.

ಮೇಯ್ದಿವೆ, ಆದರೆ ರಾತ್ರಿ

ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಟ್ರೈಲ್ ಕ್ಯಾಮೆರಾದ ಎರಡು ವಾರದ ಚಿತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳಿ. ಋತು ಶುರುವಾಗುವ ಮೊದಲು ಸಂಜೆ ಆರಕ್ಕೆ ಬರುತ್ತಿದ್ದವು ಈಗ ಒಂಬತ್ತಕ್ಕೆ ಬರುತ್ತಿದ್ದರೆ, ಕಾರಣ ಮೇವಲ್ಲ. ಕಾರಣ ನೀವು. ಇದನ್ನು ಒಪ್ಪಿಕೊಳ್ಳಲು ನನಗೂ ಬಹಳ ಕಾಲ ಹಿಡಿಯಿತು.

ಹೆಚ್ಚಿನವರು ಕೆಡಿಸುವುದು ಬರುವಾಗ ಅಲ್ಲ, ಹೋಗುವಾಗ. ಮುಸ್ಸಂಜೆ, ಹೊಡೆಯುವ ಸಮಯ ಮುಗಿದಿದೆ, ಕೆಳಗೆ ಆರು ಜಿಂಕೆ ಮೇಯುತ್ತಿವೆ, ನೀವು ಅಟ್ಟಣೆಯಿಂದ ಇಳಿಯಬೇಕು. ಇಳಿದಿರಿ, ಅವು ಬಾಲ ಎತ್ತಿ ಓಡಿದವು. ಒಂದು ಮುದಿ ಹೆಣ್ಣು ಜಿಂಕೆಗೆ ಇದು ಎರಡು ಸಲ ಆದರೆ ಸಾಕು, ಮೂರನೆಯ ಸಲ ಅದು ತಾಕಿಗೆ ಕಾಲಿಡುವ ಮೊದಲು ನಿಮ್ಮ ಮರದ ಕಡೆ ಕತ್ತೆತ್ತಿ ನೋಡುತ್ತದೆ. ನಾನು ಕಂಡುಕೊಂಡ ಉಪಾಯ ಇದು: ಮನೆಯವರು ಗಾಡಿ ಹತ್ತಿ ದಾರಿಯಲ್ಲಿ ತಾಕಿನವರೆಗೆ ಬರುತ್ತಾರೆ. ಗಾಡಿಗೆ ಜಿಂಕೆ ಸರಿದು ಕಾಡು ಸೇರುತ್ತವೆ, ಆಮೇಲೆ ನಾನು ಇಳಿಯುತ್ತೇನೆ. ಗಾಡಿ ಇಲ್ಲಿ ದಿನಾ ಓಡಾಡುವುದೇ, ಅದರ ಹೆದರಿಕೆ ಮರುದಿನಕ್ಕೆ ಉಳಿಯುವುದಿಲ್ಲ. ಮರದ ಮೇಲಿನ ಮನುಷ್ಯನ ಹೆದರಿಕೆ ಉಳಿಯುತ್ತದೆ.

ಗಾಳಿಯ ವಿಚಾರದಲ್ಲಿ ಗುಡ್ಡದ ನೆಲಕ್ಕೆ ತನ್ನದೇ ನಡೆ ಇದೆ. ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲೇರುತ್ತದೆ, ಸಂಜೆ ತಣ್ಣಗಾದಂತೆ ಕೆಳಗಿಳಿಯುತ್ತದೆ. ಹವಾಮಾನದ ಆ್ಯಪ್ ಪಶ್ಚಿಮದ ಗಾಳಿ ಎಂದು ಹೇಳುತ್ತಿದ್ದರೂ ಸಂಜೆಯ ಕೊನೆಯ ಅರ್ಧಗಂಟೆ ನಿಮ್ಮ ವಾಸನೆ ನೀರಿನಂತೆ ತಗ್ಗಿಗೆ ಹರಿಯುತ್ತಿರುತ್ತದೆ. ಜಿಂಕೆ ಮಲಗುವ ತಗ್ಗು ನಿಮ್ಮ ಕೆಳಗಿದ್ದರೆ ಆ ಅಟ್ಟಣೆ ಬೆಳಗಿಗೆ ಸರಿ, ಸಂಜೆಗೆ ಬೇಡ. ಒಂದು ಚಿಟಿಕೆ ಹಿಟ್ಟು ಊದಿ ನೋಡಿದರೂ ಗೊತ್ತಾಗುತ್ತದೆ.

ಅಟ್ಟಣೆಗೆ ಹೋಗುವ ದಾರಿ ತಾಕಿನ ನಡುವೆ ಹಾದಿದ್ದರೆ ದಾರಿ ಬದಲಾಯಿಸಿ. ಬದಲಾಯಿಸಲು ಜಾಗವಿಲ್ಲದಿದ್ದರೆ ಮರೆ ಬೆಳೆಸಿ. ಈಜಿಪ್ಷಿಯನ್ ವೀಟ್ ಎಂದು ಇಲ್ಲಿ ಮಾರುವ ಬೀಜಕ್ಕೆ ಗೋಧಿಯ ಹೆಸರಿದ್ದರೂ ಅದು ನಮ್ಮ ಜೋಳದ ಜಾತಿ. ಮೇ ಕೊನೆಗೆ ನೆಲ ಬೆಚ್ಚಗಾದ ಮೇಲೆ ದಾರಿಯ ಬದಿಗೆ ಹತ್ತಡಿ ಅಗಲ ಬಿತ್ತಿದರೆ ಶರತ್ಕಾಲಕ್ಕೆ ಆಳೆತ್ತರ ಮೀರಿ ನಿಲ್ಲುತ್ತದೆ. ತಾಕು ಚೌಕಾಕಾರದ ದೊಡ್ಡ ಬಯಲಾಗಿದ್ದರೆ ದೊಡ್ಡ ಗಂಡು ಬೆಳಕಿನಲ್ಲಿ ಹೊರಗೆ ಬರಲು ಒಪ್ಪದು. ನಡುವೆ ಮರೆಯ ಸಾಲು ಬೆಳೆಸಿ ಕುಡುಗೋಲಿನಂತೆ ಬಾಗಿದ ಕಿರಿದಾದ ತಾಕು ಮಾಡಿದರೆ ಅದಕ್ಕೆ ಧೈರ್ಯ ಬರುತ್ತದೆ. ಕ್ಯಾಮೆರಾದ ಕಾರ್ಡ್ ತೆಗೆಯಲು ದಿನ ಬಿಟ್ಟು ದಿನ ಹೋಗುವುದನ್ನೂ ನಿಲ್ಲಿಸಿ. ಎರಡು ವಾರಕ್ಕೊಮ್ಮೆ, ನಡುಮಧ್ಯಾಹ್ನ, ಮಳೆ ಬರುವ ಮುಂಚೆ ಹೋಗಿ ಬನ್ನಿ, ನಿಮ್ಮ ಹೆಜ್ಜೆಯ ವಾಸನೆಯನ್ನು ಮಳೆ ತೊಳೆಯುತ್ತದೆ.

ಈ ಹಂತದಲ್ಲಿ ಬೇಸತ್ತು ತಾಕಿನ ಮೇಲೆ ಒಂದು ಚೀಲ ಮೆಕ್ಕೆಜೋಳ ಸುರಿಯಬೇಡಿ. ಬೆಳೆದು ನಿಂತ ಪೈರಿನ ಬಳಿ ಬೇಟೆಯಾಡುವುದಕ್ಕೆ ಪೆನ್ಸಿಲ್ವೇನಿಯಾದಲ್ಲಿ ಅಡ್ಡಿಯಿಲ್ಲ. ಆದರೆ ತಂದು ಸುರಿದ ಕಾಳು ಆಮಿಷವಾಗುತ್ತದೆ, ಆಮಿಷವಿಟ್ಟು ಬೇಟೆಯಾಡುವುದು ರಾಜ್ಯದ ಬಹುಪಾಲು ಕಡೆ ಅಪರಾಧ. ಅದನ್ನು ಬಳಿದು ತೆಗೆದ ಮೇಲೂ 30 ದಿನ ಅಲ್ಲಿ ಬೇಟೆಯಾಡುವಂತಿಲ್ಲ. ಬೇರೆ ರಾಜ್ಯದಲ್ಲಿರುವವರು ಆಯಾ ವರ್ಷದ ನಿಯಮದ ಪುಸ್ತಿಕೆ ನೋಡಿಕೊಳ್ಳಿ. ಕಾನೂನು ಬದಿಗಿಟ್ಟರೂ ರಾಶಿ ಕಾಳಿಗೆ ಜಿಂಕೆಗಳು ಮೂತಿಗೆ ಮೂತಿ ತಾಗಿಸಿ ತಿನ್ನುತ್ತವೆ. ಸಿಡಬ್ಲ್ಯುಡಿ ಎಂಬ ಮಿದುಳು ಕೊರೆಯುವ ರೋಗ ಜೊಲ್ಲಿನಿಂದಲೂ ಹರಡುತ್ತದೆ. ಅದನ್ನು ಮೊದಲು ಗುರುತಿಸಿದ್ದು 1967ರಲ್ಲಿ ಕೊಲರಾಡೋದಲ್ಲಿ, ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿದ್ದು 2012ರಲ್ಲಿ. ಅದಕ್ಕೆ ಮದ್ದಿಲ್ಲ.

ಸೆಪ್ಟೆಂಬರ್ ಮಧ್ಯಕ್ಕೆ ಎಲ್ಲವೂ ಕೆಟ್ಟಿದ್ದರೆ

ಟರ್ನಿಪ್‌ಗೆ ಕಾಲ ಮುಗಿದಿದೆ, ಮತ್ತೆ ಚೆಲ್ಲಬೇಡಿ. ರೈ ತನ್ನಿ, ರೈಗ್ರಾಸ್ ಅಲ್ಲ. 10 ಗುಂಟೆಗೆ 25ರಿಂದ 30 ಪೌಂಡ್. ಒಳ್ಳೆಯ ಮಳೆಯ ಮುನ್ಸೂಚನೆ ನೋಡಿ, ನಿಂತಿರುವ ಬಡಕಲು ಪೈರಿನ ಮೇಲೇ ಚೆಲ್ಲಿ, ಆದರೆ ಉರುಳೆ ಉರುಳಿಸಿ. ಹುಳಿ ಮಣ್ಣನ್ನೂ ಬಡ ನೆಲವನ್ನೂ ರೈ ತಾಳಿಕೊಳ್ಳುವಷ್ಟು ಇನ್ನೊಂದು ತಾಳದು. ನೀರು ಹೆಪ್ಪುಗಟ್ಟುವ ಶೀತಕ್ಕಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಮೊಳೆಯುತ್ತದೆ, ನವೆಂಬರ್ ಕೊನೆಗೆ ಬಂದೂಕಿನ ಋತು ಶುರುವಾಗುವ ಹೊತ್ತಿಗೆ ಸುತ್ತ ಎಲ್ಲ ಕಂದಾಗಿರುವಾಗ ಅದೊಂದೇ ಹಸಿರಾಗಿರುತ್ತದೆ. ಬೇಟೆ ಮುಗಿದ ಮೇಲೆ ಮಣ್ಣು ಪರೀಕ್ಷೆಗೆ ಕಳಿಸಿ, ವರದಿ ಹೇಳಿದ ಸುಣ್ಣ ತಂದಿಡಿ. ಫೆಬ್ರವರಿ ಕೊನೆಯಲ್ಲಿ ರಾತ್ರಿ ನೆಲ ಹೆಪ್ಪುಗಟ್ಟಿ ಹಗಲು ಕರಗುತ್ತಾ ಬಿರುಕು ಬಿಡುವ ದಿನಗಳು ಬರುತ್ತವೆ. ವರದಿಯಲ್ಲಿ ಪಿಎಚ್ 6ರ ಹತ್ತಿರ ಇದ್ದರೆ ಆಗ ಆ ರೈ ಪೈರಿನ ನಡುವೆಯೇ 2 ಪೌಂಡ್ ಬಿಳಿ ಕ್ಲೋವರ್ ಚೆಲ್ಲಿ, ಬಿರುಕು ಅದನ್ನು ತಾನೇ ಒಳಗೆಳೆದುಕೊಳ್ಳುತ್ತದೆ. 5ರ ಹತ್ತಿರ ಇದ್ದರೆ ಕ್ಲೋವರ್ ಬೀಜ ಕಪಾಟಿನಲ್ಲೇ ಇರಲಿ. ಮೇ ತಿಂಗಳಲ್ಲಿ ರೈ ಉತ್ತು ಸುಣ್ಣ ಬೆರೆಸಿ, ಬೇಸಿಗೆಗೆ ಕಳೆ ಅದುಮಲು ಬೇಗ ಬೆಳೆದು ನೆಲ ಮುಚ್ಚುವ ಬಕ್‌ವೀಟ್ ಹಾಕಿ. ಎರಡರಲ್ಲಿ ಯಾವುದು ಮಾಡಿದರೂ ಬೀಜ ಚೆಲ್ಲಿದ ದಿನವೇ ಮಂಕರಿ ಎರಡನ್ನೂ ಹೊಸ ಜಾಗಕ್ಕೆ ಕಿತ್ತು ನೆಡಿ.